ಮಡಿಯಾದ ಬಾಟಲಿ

ನಮ್ಮೂರಿನ ಹೊಳೆಗೂ ಜಾತಿ ಇದೆ. ಮೇಲಿನಿಂದ ಕೆಳಕ್ಕೆ ಹರಿಯುವುದು ಹೊಳೆಯ ಗುಣ. ಊರಿನವರು ಅದನ್ನೇ ಧರ್ಮ ಮಾಡಿಕೊಂಡರು. ಮೇಲುಗಡೆ ಅವರು ನೀರಿಗಿಳಿಯುವ ಕಟ್ಟೆ. ಅಲ್ಲಿ ಮೆಟ್ಟಿಲುಗಳಿವೆ, ಅರಳಿ ಮರವಿದೆ, ಮಡಿಸೀರೆ ಹಾಕಲು ಕಲ್ಲಿನ ಕಂಬಗಳಿವೆ. ಅಲ್ಲಿಂದ ಒಂದು ಕೂಗಳತೆ ಕೆಳಗೆ ನಮ್ಮ ಕಟ್ಟೆ. ನಾವು ಕಟ್ಟೆ ಎನ್ನುತ್ತೇವೆ, ಅಲ್ಲಿರುವುದು ಒಂದು ಇಳಿಜಾರು, ಒಂದು ಬಂಡೆ. ಅವರು ಮಿಂದ ನೀರು, ಅವರ ಎಮ್ಮೆ ಹೊರಳಿದ ನೀರು ನಮಗೆ ಬರಬಹುದು. ನಾವು ಮುಟ್ಟಿದ ನೀರು ಅವರಿಗೆ ಹೋಗಬಾರದು. ಇಷ್ಟನ್ನು ಕಲಿಯಲು ಯಾರೂ ಕಾಶಿಗೆ ಹೋಗಬೇಕಾಗಿಲ್ಲ.

ನನ್ನ ಹೆಸರು ತಿರಕಪ್ಪ. ಊರು ಹೊಳೆಮಟ್ಟಿ, ಮುಂಡರಗಿ ಕಡೆ, ತುಂಗಭದ್ರೆಯ ದಂಡೆ. ಮಾದರ ಕೇರಿ.

ಸ್ವಾತಂತ್ರ್ಯ ಬಂದ ದಿನ ನಮಗೂ ಪೇಡೆ ಕೊಟ್ಟರು. ಕೈಗೆ ಕೈ ತಾಗದಂತೆ ಮೇಲಿನಿಂದ ಉಡಿಗೆ ಹಾಕಿದರು. ಆಮೇಲೆ ಮುಟ್ಟಿದರೆ ಮೈಲಿಗೆ ಎನ್ನುವುದು ಗುನ್ಹೆ ಎಂದು ಕಾಯ್ದೆಯೂ ಆಯಿತಂತೆ. ಆ ಕಾಯ್ದೆ ಗದಗಿನವರೆಗೆ ಬಂದಿರಬೇಕು. ಅಲ್ಲಿಂದ ಮುಂದೆ ನಮ್ಮೂರಿಗೆ ಬಸ್ಸಿರಲಿಲ್ಲ.

ಕಾಯ್ದೆ ಬರಲಿಲ್ಲ, ನೀರಿನ ಟಾಕಿ ಬಂತು. ಕೆಲವು ಮೈಲಿ ಆಚೆಯ ಪೇಟೆಗೆ ಶುದ್ಧ ನೀರು ಕೊಡಬೇಕೆಂದು ನಮ್ಮ ಹೊಳೆದಂಡೆಯಲ್ಲಿ ಟಾಕಿ ಕಟ್ಟಿದರು. ಎಂಜಿನ್ ಹೊಳೆಯ ನೀರನ್ನು ಎಳೆದು ಟಾಕಿಗೆ ತುಂಬುತ್ತದೆ. ಅದಕ್ಕೆ ಪಟಕ ಹಾಕುತ್ತಾರೆ, ಗಡ್ಡ ಹೆರೆದ ಮೇಲೆ ಗಲ್ಲಕ್ಕೆ ತಿಕ್ಕುತ್ತಾರಲ್ಲ, ಅದೇ ಪಟಕ. ನೀರಿನೊಳಗಿನ ಮಣ್ಣು ಗಟ್ಟಿಯಾಗಿ ತಳಕ್ಕೆ ಕೂರುತ್ತದೆ. ಬೇಸಿಗೆಯಲ್ಲಿ ಪಾಚಿ ಕಟ್ಟಿದರೆ ನೀಲಿ ಹರಳಿನ ಮೈಲುತುತ್ತ ಹಾಕುತ್ತಾರೆ. ಪಾಚಿ ಸಾಯುತ್ತದೆ. ಮೇಲಿನ ತಿಳಿನೀರು ಕೊಳವೆ ಹಿಡಿದು ಪೇಟೆಗೆ ಹೋಗುತ್ತದೆ. ತಳದ ರಾಡಿ ಗಟಾರ ಹಿಡಿದು ಮತ್ತೆ ಹೊಳೆಗೆ ಬೀಳುತ್ತದೆ. ಎಲ್ಲಿ ಬೀಳಬೇಕು ಎಂದು ಎಂಜಿನಿಯರು ಬಹಳ ಯೋಚನೆ ಮಾಡಿರಬೇಕು. ಊರವರ ಕಟ್ಟೆ ದಾಟಿದ ಮೇಲೆ, ನಮ್ಮ ಕಟ್ಟೆ ಬರುವ ಮೊದಲು.

ಆ ಟಾಕಿ ತೊಳೆಯುವ ಕೆಲಸ ನಮ್ಮದು. ಸರಕಾರಿ ಕೆಲಸ ಸಿಕ್ಕಿತೆಂದು ಕೇರಿಯಲ್ಲಿ ನನಗೆ ಆರತಿ ಎತ್ತುವುದೊಂದು ಬಾಕಿ. ನೀರು ಇಳಿಸಿದ ಮೇಲೆ ನಾವು ಟಾಕಿಯೊಳಗೆ ಇಳಿಯಬೇಕು. ರಾಡಿ ತೊಡೆಯವರೆಗೆ ಬರುತ್ತದೆ. ಸಲಿಕೆಯಿಂದ ಎಳೆಯಬೇಕು, ಬುಟ್ಟಿಯಿಂದ ಗೋರಬೇಕು, ಗೋಡೆಯನ್ನು ಕಾಲಿನಿಂದ ತಿಕ್ಕಬೇಕು. ಪಟಕದ ರಾಡಿ ಮೈಗೆ ಹತ್ತಿದರೆ ಚರ್ಮ ಬಿಗಿಯುತ್ತದೆ, ಸಂಜೆಗೆ ಒಡೆಯುತ್ತದೆ. ಬೆರಳ ಸಂದಿ ಬಾಯಿ ಬಿಡುತ್ತದೆ. ಉಗುರು ಹಸಿರಾಗುತ್ತದೆ. ಜೋಳದ ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನಲು ಕೂತರೆ ಕೈಯೇ ಮೊದಲು ಅಳುತ್ತದೆ. ಇಷ್ಟಾದ ಮೇಲೆ ತೂಬು ತೆಗೆದು ರಾಡಿಯನ್ನು ಗಟಾರಕ್ಕೆ ಬಿಡುವವನೂ ನಾನೇ. ನನ್ನ ಕೈಯಿಂದಲೇ ನನ್ನ ಕಟ್ಟೆಗೆ.

ಟಾಕಿಯ ಪಕ್ಕದಲ್ಲೇ ಒಂದು ನಲ್ಲಿ ಇತ್ತು. ಅದನ್ನು ನಾವು ಮುಟ್ಟುವಂತಿಲ್ಲ, ಮುಟ್ಟಿದರೆ ನೀರು ಕೆಡುತ್ತದೆ. ಒಳಗೆ ಇಳಿದು ಕಾಲಿನಿಂದ ತಿಕ್ಕಿದರೆ ಕೆಡುವುದಿಲ್ಲ. ಇದು ಹೇಗೆ ಎಂದು ಒಮ್ಮೆ ಓವರ್ಸಿಯರ್ ಶ್ರೀನಿವಾಸರಾಯರನ್ನು ಕೇಳಿದೆ. ಅವರು ಟಾಕಿಯ ಉಸ್ತುವಾರಿಯವರು, ಸೌಮ್ಯ ಮನುಷ್ಯ.

"ಅದು ಬ್ಯಾರೆ, ಇದು ಬ್ಯಾರೆ ತಿರಕಪ್ಪಾ," ಎಂದರು. "ನಿನಗ ತಿಳಿಯೂದಿಲ್ಲ."

ಖರೆ, ನನಗೆ ತಿಳಿಯಲಿಲ್ಲ.

ಮೊದಲು ಸತ್ತದ್ದು ಮೀನು. ಬೇಸಿಗೆಯಲ್ಲಿ ಹೊಳೆ ಬತ್ತಿ ದಂಡೆಗುಂಟ ಒಂದು ಸಣ್ಣ ಸೆಲೆಯಾಗಿ ಹರಿಯುತ್ತದೆ. ಟಾಕಿ ತೊಳೆದ ಮರುದಿನ ನಮ್ಮ ಬಂಡೆಯ ಸುತ್ತ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಕೇರಿಯವರು ದೇವರು ಕೊಟ್ಟನೆಂದು ಹೆಕ್ಕಿ ತಂದು ಸಾರು ಮಾಡಿಕೊಂಡರು. ಆ ದಿನ ಕೇರಿಯಲ್ಲಿ ವಾಂತಿ ಮಾಡದ ಮನೆ ಇರಲಿಲ್ಲ.

ಆಮೇಲೆ ಕುಡುಗೋಲು. ನಮ್ಮವ್ವ ಕರೆವ್ವ ಹುಲ್ಲು ಕೊಯ್ದು ಬಂದು ಗಟಾರದ ಬಾಯಲ್ಲಿ ಕುಡುಗೋಲು ನೆನೆಯಿಟ್ಟು ಮರೆತಳು. ತೆಗೆದಾಗ ಕಬ್ಬಿಣಕ್ಕೆ ತಾಮ್ರದ ಬಣ್ಣ ಬಂದಿತ್ತು. ಕೇರಿಯ ಹೆಂಗಸರು ಹೊಳೆಯ ತಾಯಿ ಗಂಗವ್ವ ಕುಂಕುಮ ಹಚ್ಚಿಕೊಂಡಳೆಂದು ಅದಕ್ಕೆ ಕೈ ಮುಗಿದರು, ಊದಿನಕಡ್ಡಿ ಹಚ್ಚಿದರು. ಎಂಜಿನ್ ನಡೆಸುವ ಮರ್ದಾನಸಾಬ ನೋಡಿ ತಲೆ ಚಚ್ಚಿಕೊಂಡ.

"ಇದು ಗಂಗವ್ವ ಅಲ್ಲವಾ ಯವ್ವಾ. ಮೈಲುತುತ್ತದಾಗ ತಾಮ್ರ ಇರತೈತಿ. ಕಬ್ಬಿಣ ಸಿಕ್ರ ಅದಕ್ಕ ಹತ್ತತೈತಿ."

"ಕಬ್ಬಿಣಕ್ಕ ಹತ್ತಿದ್ದು ಕಾಣತೈತಿ," ಎಂದಳು ಅವ್ವ. "ಕರಳಿಗೆ ಹತ್ತಿದ್ದು ಯಾರಿಗೆ ಕಾಣತೈತೋ?"

ಅದು ಯಾರಿಗೂ ಕಾಣಲಿಲ್ಲ. ನನ್ನ ತಂಗಿ ಹನಮಂತವ್ವ ಹಿರೇವಡ್ಡಟ್ಟಿಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು. ಕೆಂಪಗೆ, ಗುಂಡಗೆ ಇತ್ತು. ಎದೆಯಲ್ಲಿ ಹಾಲು ಸಾಲದೆಂದು ಅವ್ವ ಕೂಸಿಗೆ ಬೆಲ್ಲದ ನೀರು ಕುಡಿಸುತ್ತಿದ್ದಳು. ನಮ್ಮ ಕಟ್ಟೆಯ ನೀರು. ಟಾಕಿ ತೊಳೆದ ಮೇಲೆ ಕೂಸು ಹಸಿರು ಕಕ್ಕಿತು, ಭೇದಿ ಹತ್ತಿತು, ಮೂರು ದಿನದಲ್ಲಿ ಬೆಕ್ಕಿನ ಮರಿಯಷ್ಟಾಗಿ ಸತ್ತಿತು. ಆ ಸಲವೂ ತೂಬು ತೆಗೆದವನು ನಾನೇ. ನಾನು ಇದನ್ನು ಹೇಳುವಾಗ ಹಲ್ಲು ಕಚ್ಚುತ್ತೇನೆ. ಸಿಟ್ಟು ಬರುತ್ತದೆ. ಬರಲಿ.

ಕೂಸಿನ ಮಣ್ಣಿಗೆ ಬಂದ ಹಿರೇವಡ್ಡಟ್ಟಿಯ ಬೀಗತಿ ಅವ್ವನಿಗೆ ನೆಟ್ಟಗೆ ಹೇಳಿದಳು. "ತವರುಮನಿ ಕೂಸು ತಿಂತು. ಮುಂದಿನ ಸಲ ಬರೇ ಉಡಿಲೇ ಬಂದ್ರ ನಿಮ್ಮ ಮಗಳನ್ನ ನೀವs ಇಟಗೊಳ್ರಿ." ಅವ್ವ ಅಳಲಿಲ್ಲ. ಕೂಸು ಸತ್ತಾಗಲೂ ಅತ್ತಿರಲಿಲ್ಲ. ಅಳುವುದಕ್ಕೆ ಬಿಡುವು ಬೇಕು, ಅದು ಕೇರಿಯಲ್ಲಿ ಯಾರಿಗೂ ಇಲ್ಲ.

ಮರ್ದಾನಸಾಬ ಅರ್ಜಿ ಬರೆದುಕೊಟ್ಟ. ರಾಡಿ ನಮ್ಮ ಕಟ್ಟೆಗೆ ಬರುತ್ತಿದೆ, ನೀರಿನಲ್ಲಿ ತಾಮ್ರ ಇದೆ, ಪರೀಕ್ಷೆ ಮಾಡಿಸಿ ಎಂದು. ಅರ್ಜಿ ಮುಂಬಯಿ ಸರಕಾರಕ್ಕೆ ಹೋಯಿತು. ಅಲ್ಲಿ ಅದು ಕೂತಿರುವಾಗಲೇ ಕರ್ನಾಟಕ ಒಂದಾಯಿತು.

ಒಂದಾದ ದಿನ ಟಾಕಿಯ ಮುಂದೆ ಮಾವಿನ ತೋರಣ ಕಟ್ಟಿದರು. ನೀರಿನ ಕಮಿಟಿಯ ಅಧ್ಯಕ್ಷ ಸಂಗಪ್ಪ ಸಾವಕಾರರು ಜರತಾರಿ ಪಟಗಾ ಸುತ್ತಿಕೊಂಡು ಕೂತಿದ್ದರು. ಶ್ರೀನಿವಾಸರಾಯರು ಕಣ್ಣಲ್ಲಿ ನೀರು ತಂದುಕೊಂಡು ಭಾಷಣ ಮಾಡಿದರು. ಹರಿದು ಹಂಚಿಹೋಗಿದ್ದ ಕನ್ನಡಿಗರೆಲ್ಲ ಇಂದು ಒಂದು ಮನೆಯವರಾದೆವು, ಇನ್ನು ನಮ್ಮ ನಡುವೆ ಗಡಿಯಿಲ್ಲ ಎಂದರು. ನಾವು ಬೇಲಿಯ ಹೊರಗೆ ನಿಂತು ಕೇಳಿದೆವು. ಚಪ್ಪಾಳೆ ತಟ್ಟಿದೆವು. ಮಾತು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಭಾಷಣ ಮುಗಿದ ಮೇಲೆ ಅವ್ವ ಬೇಲಿಯ ಆಚೆಯಿಂದಲೇ ಅರ್ಜಿಯ ಸುದ್ದಿ ಕೇಳಿದಳು.

"ನಿಮ್ಮ ಅರ್ಜಿ ಹಳೇ ರಾಜ್ಯಕ್ಕ ಹೋಗ್ಯದ ಕರೆವ್ವಾ," ಎಂದರು ರಾಯರು. "ಈಗ ಹೊಸಾ ರಾಜ್ಯ ಆಗ್ಯದ. ಹೊಸಾ ಅರ್ಜಿ ಕೊಡಬೇಕಾಗ್ತದ."

"ಹೊಸಾ ಅರ್ಜಿಗೆ ಹೊಸಾ ಕೂಸು ಸಾಯಬೇಕೇನ್ರಿ?"

ರಾಯರು ತೋರಣ ಸರಿಮಾಡಲು ಹೋದರು. ನಾವು ಹೊಸ ಅರ್ಜಿ ಕೊಟ್ಟೆವು.

ಹೊಸ ರಾಜ್ಯ ಹೊಸ ಉತ್ಸಾಹದಲ್ಲಿತ್ತು. ಸಂಕ್ರಾಂತಿ ಕಳೆದ ಮೇಲೆ ನೀರು ತುಂಬಿಕೊಂಡು ಹೋಗಲು ಒಬ್ಬ ಕಾರಕೂನರು ಬಂದರು. ಗೋಪಾಲರಾಯರು ಎಂದು. ಖಾದಿ ತೊಟ್ಟವರು, ಜೈಲಿಗೆ ಹೋಗಿ ಬಂದವರು. ಕೇರಿಯ ತನಕ ನಡೆದು ಬಂದರು, ಅಷ್ಟಕ್ಕೇ ನಮ್ಮ ಮುದುಕರ ಕಣ್ಣು ತುಂಬಿದವು. ಚೀಲದಿಂದ ಎರಡು ಗಾಜಿನ ಬಾಟಲಿ ತೆಗೆದರು. ಒಂದರಲ್ಲಿ ಮೇಲಿನ ಕಟ್ಟೆಯ ನೀರು, ಇನ್ನೊಂದರಲ್ಲಿ ನಮ್ಮ ಕಟ್ಟೆಯ ನೀರು. ಎರಡನ್ನೂ ದೊಡ್ಡ ಊರಿನ ಪರೀಕ್ಷೆಯ ಮನೆಗೆ ಕಳಿಸಿದರೆ ತಾಮ್ರ ಎಷ್ಟು, ಕಬ್ಬಿಣ ಎಷ್ಟು, ಪಟಕ ಎಷ್ಟು, ಎಲ್ಲ ಗೊತ್ತಾಗುತ್ತದಂತೆ.

ಮೇಲಿನ ಕಟ್ಟೆಯ ಬಾಟಲಿಯನ್ನು ಅವರೇ ತುಂಬಿದ್ದರು. ನಮ್ಮ ಕಟ್ಟೆಗೆ ಬಂದು ರಾಡಿ ನೋಡಿ ನಿಂತರು.

"ನೀನೇ ತುಂಬಪಾ ತಿರಕಪ್ಪಾ. ನಂದು ಇವತ್ತ ಏಕಾದಶಿ."

ಏಕಾದಶಿಗೂ ಬಾಟಲಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಹಿಂದಿನ ದಿನವೇ ಟಾಕಿ ತೊಳೆದಿದ್ದೆವು. ಬಂಡೆಯ ಬುಡದಲ್ಲಿ ಸೊಂಟದವರೆಗೆ ಇಳಿದು ತುಂಬಿದೆ. ನೀರು ಗಂಜಿಯ ಹಾಗೆ ಮಬ್ಬಾಗಿತ್ತು, ಬೆಳಕಿಗೆ ಹಿಡಿದರೆ ನವಿಲ ಬಣ್ಣ ಹೊಡೆಯುತ್ತಿತ್ತು. ಇದನ್ನು ನೋಡಲು ಪರೀಕ್ಷೆಯ ಮನೆ ಯಾಕೆ, ಎರಡು ಕಣ್ಣು ಸಾಕು ಅನ್ನಿಸಿತು. ಬೂಚು ಬಡಿದು ಬಾಟಲಿಯನ್ನು ನೆಲಕ್ಕಿಟ್ಟು ಹಿಂದೆ ಸರಿದೆ. ಗೋಪಾಲರಾಯರು ಅದನ್ನು ಕರವಸ್ತ್ರದಲ್ಲಿ ಹಿಡಿದು ಎತ್ತಿಕೊಂಡರು.

ಬಸ್ಸು ಹಿಡಿಯಲು ಮರುದಿನ ಹೋಗಬೇಕಿತ್ತು. ಆ ದಿನ ಶ್ರೀನಿವಾಸರಾಯರ ಮನೆಯಲ್ಲೇ ಅವರ ಬಿಡಾರ. ಬಾಟಲಿಯೂ ಅಲ್ಲೇ ಇರಬೇಕು. ಮಾದರವನು ಮುಟ್ಟಿದ ಬಾಟಲಿ ಮನೆಯ ಹೊಸ್ತಿಲು ದಾಟುವುದು ಹೇಗೆ? ಇಲ್ಲಿ ಹೊಸ ರಾಜ್ಯದ ಕಥೆ ಮುಗಿಯಿತು, ರಾಯರ ಹೆಂಡತಿ ಸುಂದರಾಬಾಯಿಯವರ ಕಥೆ ಶುರುವಾಯಿತು.

ಮರುದಿನ ಬೆಳಿಗ್ಗೆ ನಾನು ಅವರ ಹಿತ್ತಲಲ್ಲಿ ಕಟ್ಟಿಗೆ ಒಡೆಯುತ್ತಿದ್ದೆ. ಆ ತಾಯಿ ಒದ್ದೆ ಸೀರೆಯಲ್ಲಿ ಬಂದರು. ತುಳಸಿಕಟ್ಟೆಯ ಹೊರಗೆ ಇಟ್ಟಿದ್ದ ಬಾಟಲಿಗೆ ಮೊದಲು ದೂರದಿಂದ ನೀರು ಸುರಿದರು. ಆಮೇಲೆ ಹಿಡಿದೆತ್ತಿ ಬೂಚು ತೆಗೆದು ಒಳಗಿದ್ದುದನ್ನು ಬಾಳೆಯ ಬುಡಕ್ಕೆ ಚೆಲ್ಲಿದರು. ಬೂದಿ ಹಾಕಿ, ಹುಣಸೆಹಣ್ಣು ಹಾಕಿ, ತೆಂಗಿನ ನಾರಿನಿಂದ ಒಳಗೂ ಹೊರಗೂ ತಿಕ್ಕಿದರು. ಗಾಜು ಮಿರಮಿರ ಮಿಂಚಿತು. ಕೊನೆಗೆ ಮೇಲಿನ ಕಟ್ಟೆಯಿಂದ ತಂದ ಮಡಿನೀರನ್ನು ಕೊಡದಿಂದ ಬಗ್ಗಿಸಿ ಕಂಠಮಟ ತುಂಬಿದರು.

ನನ್ನ ಕೈಯ ಕೊಡಲಿ ನಿಂತಿತು.

"ಅವ್ವಾರ," ಎಂದೆ, "ಅದು ಪರೀಕ್ಷಾಕ ಕಳಸೂ ನೀರ್ರೀ."

"ಗೊತ್ತದ ಏಳೋ. ಅದಕ್ಕs ಛಲೋ ನೀರು ಹಾಕೀನಿ," ಎಂದರು. "ಅಂಥಾ ರಾಡಿ ನೀರು ದೊಡ್ಡ ಸಾಹೇಬ್ರಿಗೆ ಕಳಿಸ್ತಾರೇನೋ? ನೋಡಿದವ್ರು ಏನಂದಾರು? ಊರ ಮರ್ಯಾದಿ ಹೋಗ್ತದ."

ಅವರ ಮುಖದಲ್ಲಿ ಕಪಟವಿರಲಿಲ್ಲ. ನನಗೆ ಉಪಕಾರ ಮಾಡಿದೆನೆಂದೇ ಅವರು ತಿಳಿದಿದ್ದರು. ಕಪಟವಿದ್ದಿದ್ದರೆ ಎದುರು ಮಾತಾಡುವುದು ನನಗೆ ಸುಲಭವಾಗುತ್ತಿತ್ತು.

ಅಂಗಳಕ್ಕೆ ಸುತ್ತುಹಾಕಿ ಹೋಗಿ ಗೋಪಾಲರಾಯರಿಗೆ ಹೇಳಿದೆ. ಅವರು ಜನಿವಾರ ಕಿವಿಗೆ ಸುತ್ತಿಕೊಂಡು ಹೊರಟಿದ್ದರು, ನಿಂತು ಕೇಳಿದರು. ಮುಖ ಸ್ವಲ್ಪ ಬಾಡಿತು. ಅಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು, ಎತ್ತಿನ ಗಾಡಿ ಹೂಡಿತ್ತು. ಮತ್ತೆ ಕೇರಿಗೆ ಹೋಗಬೇಕು, ಮತ್ತೆ ನನ್ನಿಂದ ತುಂಬಿಸಬೇಕು, ಮತ್ತೆ ಆ ಬಾಟಲಿಯ ಜೊತೆ ಗಾಡಿಯಲ್ಲಿ ಕೂರಬೇಕು.

"ಇರಲಿ ಬಿಡಪಾ," ಎಂದರು. "ಎರಡೂ ಒಂದs ಹೊಳಿ ನೀರಲ್ಲೇನು?"

ಎರಡೂ ಬಾಟಲಿಗೆ ಅರಗು ಹಾಕಿ ಮುದ್ರೆ ಒತ್ತಿದರು. ಒಂದರ ಮೇಲೆ ಊರ ಕಟ್ಟೆ, ಇನ್ನೊಂದರ ಮೇಲೆ ಕೇರಿ ಕಟ್ಟೆ ಎಂದು ಚೀಟಿ ಅಂಟಿಸಿದರು. ಅಕ್ಷರ ಬಹಳ ದುಂಡಗಿದ್ದವು.

ಹನಮಂತವ್ವ ಮತ್ತೆ ಬಸುರಿಯಾಗಿದ್ದಳು. ಬೇಸಿಗೆಗೆ ಹೆರಿಗೆ. ಹಿರೇವಡ್ಡಟ್ಟಿಯಲ್ಲೇ ಹೆರಲಿ ಎಂದು ನಾನು ಹೇಳಿದೆ. ಅವ್ವ ಕೇಳಲಿಲ್ಲ. "ತವರು ಕೂಸು ತಿಂತು ಅಂದಾರ. ಈ ತವರಿನಿಂದಾನ ಕೂಸು ಹೊತಗೊಂಡು ಹೋಗಬೇಕು ನನ್ನ ಮಗಳು," ಎಂದಳು. ಹಟ ಅವಳ ಆಸ್ತಿ. ಬೇರೆ ಆಸ್ತಿ ಇರಲಿಲ್ಲ. ಹೋಗಿ ಕರೆದುಕೊಂಡು ಬಂದಳು.

ಹೆಣ್ಣು ಕೂಸು ಹುಟ್ಟಿತು. ಅದೇ ವಾರ ಪರೀಕ್ಷೆಯ ಉತ್ತರವೂ ಬಂತು. ಚಾವಡಿಯಲ್ಲಿ ಶ್ರೀನಿವಾಸರಾಯರು ಓದಿದರು, ನಾವು ಅಂಗಳದ ಬಿಸಿಲಲ್ಲಿ ಕೂತು ಕೇಳಿದೆವು. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು. ಎರಡೂ ಬಾಟಲಿಯ ನೀರಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ತಾಮ್ರ ಇಲ್ಲ. ಪಟಕ ಇಲ್ಲ. ಕೇರಿ ಕಟ್ಟೆಯ ನೀರು ಕುಡಿಯಲು ಯೋಗ್ಯ. ಅದರಲ್ಲೂ ಕೇರಿ ಕಟ್ಟೆಯ ಬಾಟಲಿ ಇನ್ನೊಂದಕ್ಕಿಂತ ಹೆಚ್ಚು ಸ್ವಚ್ಛವಾಗಿತ್ತೆಂದು ಪರೀಕ್ಷೆಯವರು ಹೊಗಳಿ ಬರೆದಿದ್ದರು. ಹುಣಸೆಹಣ್ಣು ಅಷ್ಟು ಒಳ್ಳೆಯದು.

"ಇನ್ನ ಸಮಾಧಾನ ಆತಲ್ಲ?" ಎಂದರು ಸಂಗಪ್ಪ ಸಾವಕಾರರು. "ಸುಳ್ಳ ಅರ್ಜಿ ಕೊಟ್ಟು ಊರ ಹೆಸರು ಕೆಡಿಸಬ್ಯಾಡ್ರಿ. ಎರಡೂ ಕಡೆ ನೀರು ಒಂದs ಐತಿ. ಸರಕಾರನ ಹೇಳೈತಿ."

ನನಗೆ ಮೈಯೆಲ್ಲ ಉರಿಯಿತು. ಬಾಟಲಿಯ ಕಥೆ ಹೇಳಲು ಎದ್ದೆ. ಅವ್ವ ನನ್ನ ರಟ್ಟೆ ಹಿಡಿದು ಕೂರಿಸಿದಳು. ನಿಧಾನವಾಗಿ ಎದ್ದು ನಿಂತಳು.

"ಇನ್ನೊಮ್ಮೆ ಹೇಳ್ರಿ ಸಾವಕಾರ್ರ. ನನಗ ಕಿವಿ ಸ್ವಲ್ಪ ಮಂದ."

"ಎರಡೂ ಕಡೆ ನೀರು ಒಂದs ಅಂದೆ."

"ಆತ್ರಿ," ಎಂದಳು. "ಕೇಳಿಸ್ತು."

ಬಾಣಂತಿ ಮೊದಲ ಸಲ ಹೊರಗೆ ಬರುವ ದಿನ ನಮ್ಮಲ್ಲಿ ಗಂಗೆಪೂಜೆ. ಹೊಳೆಯ ದಂಡೆಯಲ್ಲಿ ಐದು ಸಣ್ಣ ಕಲ್ಲು ಇಟ್ಟು, ಸುಣ್ಣ ಕುಂಕುಮ ಹಚ್ಚಿ, ಎಲೆ ಅಡಿಕೆ ಏರಿಸಿ, ಬಾಣಂತಿ ಕೊಡ ತುಂಬಿ ತಲೆಯ ಮೇಲೆ ಹೊತ್ತು ತರಬೇಕು. ಆ ನೀರಿನಿಂದಲೇ ಅಂದಿನ ಅಡಿಗೆ, ಆ ನೀರನ್ನೇ ಕೂಸಿನ ಬಾಯಿಗೆ ಒಂದು ಹನಿ. ಗಂಗವ್ವನ ಕೈಗೆ ಕೂಸನ್ನು ಒಪ್ಪಿಸಿದ ಹಾಗೆ.

ಅಂದು ಬೆಳಿಗ್ಗೆ ಹೆಂಗಸರು ಹಾಡು ಹೇಳುತ್ತ ಹೊರಟರು. ಕೇರಿಯ ಕಟ್ಟೆಯ ಕಡೆಗೆ ಇಳಿಯುವ ದಾರಿ ಬಂತು. ಅವ್ವ ಇಳಿಯಲಿಲ್ಲ, ನೆಟ್ಟಗೆ ನಡೆದಳು. ಅವಳ ಹಿಂದೆ ಖಾಲಿ ಕೊಡ ಹೊತ್ತ ಹನಮಂತವ್ವ. ಹಾಡು ಒಬ್ಬೊಬ್ಬರ ಬಾಯಲ್ಲಿ ನಿಂತುಹೋಯಿತು. ಕಾಲು ಮಾತ್ರ ಯಾರವೂ ನಿಲ್ಲಲಿಲ್ಲ. ನಾನು ಕೂಸನ್ನು ಎತ್ತಿಕೊಂಡು ಹಿಂದೆ ಹೋದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೇಲಿನ ಕಟ್ಟೆಯಲ್ಲಿ ಊರು ಸೇರಿತ್ತು. ನೀರು ತರಲು ಬಂದವರು, ಮೀಯಲು ಬಂದವರು. ಸಂಗಪ್ಪ ಸಾವಕಾರರು ಹಲ್ಲುಜ್ಜುತ್ತಿದ್ದವರು ಬೇವಿನ ಕಡ್ಡಿ ತೆಗೆದರು.

"ಎಲ್ಲಿಗೆ ಬಂದೀಯವಾ ಕರೆವ್ವಾ? ದಾರಿ ತಪ್ಪಿತೇನು?"

"ಗಂಗಿಪೂಜಿಗೆ ಬಂದೀವ್ರಿ."

"ನಿಮ್ಮ ಕಟ್ಟಿ ಕೆಳಗೈತಿ."

"ನೀರು ಒಂದs ಅಂದ್ರೆಲ್ಲ ಮೊನ್ನೆ. ಒಂದs ಇದ್ರ ಇಲ್ಲಿ ತುಂಬಿದ್ರೇನು, ಅಲ್ಲಿ ತುಂಬಿದ್ರೇನು?"

"ನೀರು ಒಂದs ಇರಬಹುದು. ಆದರ ಆ ನೀರು ಬ್ಯಾರೆ, ಈ ನೀರು ಬ್ಯಾರೆ."

"ಏನು ಬ್ಯಾರೆ ಹೇಳ್ರಿ. ಅದರಾಗ ಇಲ್ಲದ್ದು ಇದರಾಗ ಏನೈತಿ? ಇದರಾಗ ಇಲ್ಲದ್ದು ಅದರಾಗ ಏನೈತಿ? ಇಷ್ಟು ಮಂದಿ ಮುಂದ ಹೇಳಿಬಿಡ್ರಿ, ಹೊಳ್ಳಿ ಹೋಗತೀವಿ."

ಸಾವಕಾರರು ಬಾಯಿ ತೆರೆದರು. ಶ್ರೀನಿವಾಸರಾಯರು ಒದ್ದೆ ಧೋತರದಲ್ಲೇ ಮೆಟ್ಟಿಲೇರಿ ಬಂದರು.

"ಬ್ಯಾರೆ ಅನಬ್ಯಾಡ್ರಿ ಸಾವಕಾರ್ರ," ಎಂದು ಸಣ್ಣ ದನಿಯಲ್ಲಿ ಹೇಳಿದರು. "ಬ್ಯಾರೆ ಅಂದ್ರ ಪರೀಕ್ಷಾ ಸುಳ್ಳಾಗ್ತದ. ಮತ್ತ ಚೌಕಾಸಿ, ವಿಚಾರಣಿ ಬರ್ತದ. ನನ್ನ ನೌಕರಿ ಹೋಗ್ತದ."

"ಮತ್ತ ಒಂದs ಅನ್ನಲೇನು? ಒಂದs ಅಂದ್ರ ಇವ್ರು ಇಲ್ಲೇ ಇಳೀತಾರಲ್ರೀ."

"ಒಂದs ಅದ. ಆದರ ಇಳೀಬಾರ್ದು."

"ಯಾಕ ಇಳೀಬಾರ್ದು ಅಂತ ನೀವs ಹೇಳ್ರಿ."

"ನೀವು ಅಧ್ಯಕ್ಷರು, ನೀವು ಹೇಳಬೇಕು."

ಇಬ್ಬರು ದೊಡ್ಡವರು ಹೀಗೆ ಜಗಳವಾಡುತ್ತಿರುವಾಗ ಹನಮಂತವ್ವ ಮೆಟ್ಟಿಲು ಇಳಿಯತೊಡಗಿದಳು. ಹೂಯ್ಯೆಂದು ಕೂಗು ಎದ್ದಿತು. "ಹಿಡೀರಿ ಅಕೀನ್ನ" ಎಂದರು. ಯಾರು ಹಿಡಿಯಬೇಕು? ಅವಳು ಮಾದರವಳು. ಮೇಲೆ ಹಸೀ ಬಾಣಂತಿ, ಮೈಲಿಗೆಯ ಮೇಲೆ ಮೈಲಿಗೆ. ಮುಟ್ಟಿದವನು ಮೂರು ಸಲ ಮೀಯಬೇಕು, ಮೀಯುವುದಕ್ಕೆ ಇರುವ ಹೊಳೆಗೆ ಅವಳೇ ಇಳಿಯುತ್ತಿದ್ದಾಳೆ. ಒಬ್ಬ ಇನ್ನೊಬ್ಬನನ್ನು ಮುಂದಕ್ಕೆ ತಳ್ಳಿದ. ಅವನು ಹಿಂದಕ್ಕೆ ಬಂದ. ಅವಳು ಒಂದು ಮೆಟ್ಟಿಲು ಇಳಿದರೆ ಊರು ಎರಡು ಮೆಟ್ಟಿಲು ಸರಿಯಿತು. ಸೀರೆ ಎತ್ತಿ ಹಿಡಿದು, ಧೋತರ ಎತ್ತಿ ಹಿಡಿದು, ಜಾಗ ಬಿಟ್ಟರು. ನಮ್ಮಪ್ಪನ ಅಪ್ಪನ ಕಾಲದಿಂದ ನಮ್ಮನ್ನು ಹೊರಗಿಟ್ಟ ಮೈಲಿಗೆ ಅಂದು ನಮಗೆ ದಾರಿ ಬಿಡಿಸಿತು.

ಹನಮಂತವ್ವ ಕಲ್ಲು ಇಟ್ಟಳು, ಕುಂಕುಮ ಹಚ್ಚಿದಳು. ಕೊಡ ಮುಳುಗಿಸಿದಳು. ತಿಳಿನೀರು, ತಳದ ಉಸುಕು ಎಣಿಸುವ ಹಾಗೆ ಕಾಣುವ ನೀರು. ಅವಳು ಒಂದು ಬೊಗಸೆ ಎತ್ತಿ ನೋಡಿ, ನೋಡಿ, ಅತ್ತುಬಿಟ್ಟಳು. "ಇಷ್ಟ ಹತ್ತರ ಇತ್ತಲ್ಲಣ್ಣಾ," ಎಂದಳು ನನಗೆ. ಮೇಲಿನಿಂದ ಒಂದು ಕಲ್ಲು ಬಂದು ಅವಳ ಬೆನ್ನಿಗೆ ಬಿತ್ತು. ಇನ್ನೊಂದು ಕೊಡಕ್ಕೆ ಬಿದ್ದು ಕೊಡ ಒಡೆಯಿತು. ಅವ್ವ ತನ್ನ ಬಗಲಿನ ಕೊಡ ಕೊಟ್ಟಳು. ಹನಮಂತವ್ವ ಅದನ್ನು ತುಂಬಿ ತಲೆಗೇರಿಸಿ ಮೆಟ್ಟಿಲು ಹತ್ತಿದಳು. ತುಳುಕಿದ ಹನಿ ಸಿಡಿದೀತೆಂದು ಸಾವಕಾರರು ಅರಳಿ ಮರದ ಹಿಂದೆ ಹೋದರು.

ಮಧ್ಯಾಹ್ನ ಭಟ್ಟರು ಬಂದು ಕಟ್ಟೆಗೆ ಗೋಮೂತ್ರ ಹಾಕಿ ಶುದ್ಧ ಮಾಡಿದರು. ನಾವು ಮುಟ್ಟಿದ ನೀರು ಅಷ್ಟರಲ್ಲಿ ಎಷ್ಟು ಊರು ದಾಟಿತ್ತೋ. ಮರುದಿನ ಕೇರಿಯ ಎಲ್ಲ ಹೆಂಗಸರು ಕೊಡ ಹಿಡಿದು ಅಲ್ಲಿಗೇ ಹೋದರು. ಮತ್ತೆ ಕಲ್ಲು ಬಿದ್ದವು, ಮತ್ತೆ ಗೋಮೂತ್ರ. ಅದರ ಮರುದಿನವೂ ಹೋದರು. ಕಲ್ಲು ಬಂದವು, ಭಟ್ಟರು ಬರಲಿಲ್ಲ. ಅವರ ಆಕಳೂ ಪ್ರಾಣಿಯೇ.

ಕೇರಿಯವರಿಗೆ ಹೊಲದ ಕೂಲಿ ಇಲ್ಲವೆಂದು ಸಾವಕಾರರು ಡಂಗುರ ಸಾರಿಸಿದರು. ಒಳ್ಳೆಯದಾಯಿತೆಂದು ನಾವು ಟಾಕಿ ತೊಳೆಯುವುದನ್ನೂ ಬಿಟ್ಟೆವು. ಉಪವಾಸ ಬಿದ್ದೆವು. ಗೆಣಸು ಬೇಯಿಸಿ ತಿಂದೆವು, ಅದೂ ಮುಗಿದ ಮೇಲೆ ಹುಣಸೆ ಬೀಜ ಹುರಿದು ತಿಂದೆವು. ಆ ಕಡೆ ಟಾಕಿಯಲ್ಲಿ ರಾಡಿ ಏರಿತು, ಪಾಚಿ ಗೋಡೆ ಹತ್ತಿತು. ಪೇಟೆಯ ನಲ್ಲಿಗಳಲ್ಲಿ ಹಸಿರು ನೀರು ಬಂತು. ಪೇಟೆಯ ಮಂದಿ ವಾಂತಿ ಮಾಡಿದರು. ನಮ್ಮದು ಎರಡು ಬೇಸಿಗೆಯ ವಾಂತಿ, ಅವರದು ನಾಲ್ಕು ದಿನದ್ದು. ನಾಲ್ಕು ದಿನಕ್ಕೇ ಎಂಜಿನಿಯರು ಮೋಟಾರಿನಲ್ಲಿ ಓಡಿ ಬಂದರು.

ಶ್ರೀನಿವಾಸರಾಯರು ಕೇರಿಗೆ ಬಂದರು. ಮೊದಲ ಸಲ.

"ಟಾಕಿಗೆ ಇಳೀಬೇಕಪಾ ತಿರಕಪ್ಪಾ."

"ಇಳೀತೀನ್ರಿ. ಆದರ ರಾಡಿ ಹೊಳಿಗೆ ಬಿಡಂಗಿಲ್ಲ."

"ಮತ್ತ ಎಲ್ಲಿ ಬಿಡಬೇಕೋ?"

"ಮ್ಯಾಲಿನ ಕಟ್ಟೀಗೆ ಬಿಡ್ರಿ. ಎರಡೂ ಒಂದs ನೀರಲ್ಲೇನ್ರಿ?"

ರಾಯರು ನೆಲ ನೋಡಿದರು. ಅವರ ಕಾಲ ಚಪ್ಪಲಿಗೆ ನಮ್ಮ ಕೇರಿಯ ಧೂಳು ಹತ್ತಿತ್ತು. ನಾನು ಕೂತಲ್ಲಿಂದ ಏಳಲಿಲ್ಲ. ಅದುವರೆಗೆ ಅವರು ನಿಂತಿರುವಾಗ ನಾನು ಕೂತದ್ದೇ ಇಲ್ಲ.

ಎಂಜಿನಿಯರು ನಕಾಶೆ ಹರಡಿ ನೋಡಿದರು. ರಾಡಿ ತಾನಾಗಿ ಹರಿದುಹೋಗುವ ಇಳಿಜಾರು ಎರಡೇ ಕಡೆ ಇತ್ತು. ಒಂದು ಹೊಳೆ. ಇನ್ನೊಂದು ಟಾಕಿಯ ಹಿಂದಿನ ಹೊಲ, ಸಂಗಪ್ಪ ಸಾವಕಾರರದು, ಎರೆಮಣ್ಣಿನ ಬಂಗಾರದಂಥ ಹೊಲ. ಸದ್ಯಕ್ಕೆ ಆ ಕಡೆಗೆ ಕಾಲುವೆ ತೋಡಿ ಎಂದು ಹೇಳಿ ಅವರು ಮೋಟಾರು ಹತ್ತಿದರು. ನಾವು ತೋಡಿದೆವು. ಟಾಕಿಗೆ ಇಳಿದೆವು, ರಾಡಿ ಗೋರಿ ತೂಬಿನ ಬಾಯಿಗೆ ತಂದೆವು. ಕಾಲುವೆಗೆ ಅಡ್ಡ ಕಟ್ಟಿದ ಮಣ್ಣಿನ ಒಡ್ಡು ಒಡೆಯುವುದೊಂದು ಬಾಕಿ ಇತ್ತು.

ಸಾವಕಾರರು ಪಟಗಾ ಇಲ್ಲದೆ ಓಡಿ ಬಂದರು. ಬಂದವರೇ ಕಾಲುವೆಯ ನಡುವೆ ನಿಂತರು.

"ನನ್ನ ಹೊಲಕ್ಕ ವಿಷಾ ಬಿಡತೀರೇನು?"

"ವಿಷಾ ಅಲ್ರೀ, ಬರೇ ಹೊಳಿ ಮಣ್ಣು," ಎಂದರು ರಾಯರು. "ಪರೀಕ್ಷಾ ಆಗ್ಯದಲ್ಲ."

"ನಿಮ್ಮ ಪರೀಕ್ಷಾ ಒಲಿಯಾಗ ಹಾಕ್ರಿ. ಆ ನೀಲಿ ಹರಳು ತರಿಸಾಕ ಸಹಿ ಹಾಕಿದವನು ನಾನು. ಅದು ಏನು ಮಾಡತೈತಿ ನನಗ ಗೊತ್ತಿಲ್ಲೇನು? ಮೊದಲನೇ ಬ್ಯಾಸಗಿಯಾಗ ಮೀನ ಸತ್ತಾಗಿಂದ ಗೊತ್ತೈತಿ. ಇದು ಹೊಲಕ್ಕ ಬಿದ್ರ ಕರಕಿ ಹುಲ್ಲ ಸೈತ ಹುಟ್ಟಂಗಿಲ್ಲ."

ಅವ್ವ ಮೇಲಿನ ಕಟ್ಟೆಯಿಂದ ನೀರು ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದಳು. ನಿಂತಳು. ಕೊಡ ಕೆಳಗಿಟ್ಟಳು.

"ಮೀನ ಸತ್ತಾಗಿಂದ ಗೊತ್ತಿತ್ತೇನ್ರಿ ಸಾವಕಾರ್ರ?"

ಸಾವಕಾರರು ಅವಳ ಕಡೆ ತಿರುಗಿದರು. ಆಡಿದ ಮಾತು ಆಗ ಅವರ ಕಿವಿಗೆ ಬಿದ್ದಿತೇನೋ. ಹೊಲದ ಕಡೆ ನೋಡುತ್ತ ನಿಂತರು.

"ಮೀನ ಸತ್ತ ಮ್ಯಾಲ ನನ್ನ ಮೊಮ್ಮಗ ಹುಟ್ಟಿದ್ದು," ಎಂದಳು ಅವ್ವ.

ಅವಳು ಕಾಲುವೆಯ ದಂಡೆಯಲ್ಲಿ ಕೂತಳು. ಕೂಸಿನ ಮಣ್ಣಿನ ದಿನ ಅಳದವಳು, ಮಗಳ ಬೆನ್ನಿಗೆ ಕಲ್ಲು ಬಿದ್ದಾಗ ಅಳದವಳು, ಮಣ್ಣನ್ನು ಎರಡೂ ಕೈಯಲ್ಲಿ ಬಡಿಯುತ್ತ ಅಳತೊಡಗಿದಳು. ಸಾವಕಾರರು ಮೆಲ್ಲನೆ ಕಾಲುವೆಯಿಂದ ಮೇಲೆ ಹತ್ತಿದರು.

ನಾನು ಸಲಿಕೆ ಎತ್ತಿ ಒಡ್ಡು ಒಡೆದೆ. ರಾಡಿ ಬುಳುಬುಳು ಎಂದು ಹೊಲಕ್ಕೆ ಇಳಿಯಿತು. ನಿಲ್ಲಿಸೋ ಎಂದು ಸಾವಕಾರರು ಕೂಗಿದರು, ಕೈ ಮುಗಿದರು. ಅವ್ವ ಅತ್ತು ಮುಗಿಸುವವರೆಗೆ ನಾನು ಅದನ್ನು ಮುಚ್ಚಲಿಲ್ಲ.